ಊರ ಪಕ್ಕದ ಕಾಡುದಾರೀಲಿ ನಡೆಯೋಕೆ ಹೋಗ್ತಿದೀರಾ? ಹೊರಡೋ ಮುಂಚೆಯಿಂದ ವಾಪಸ್ ಬರೋವರೆಗೆ ಏನೇನು ನೋಡ್ಕೋಬೇಕು

ಊರ ಅಂಚಲ್ಲಿ ಒಂದು ಕುರುಚಲು ಕಾಡೋ, ಸಣ್ಣ ಗುಡ್ಡವೋ, ನೀರಿನ ಸುತ್ತ ಬೆಳೆದ ಹಸಿರೋ ಇದ್ದು, ಅದ್ರೊಳಗೆ ಎಲ್ರೂ ಓಡಾಡಬಹುದಾದ ಒಂದು ಕಾಲುದಾರಿ ಇದೆ ಅಂದ್ರೆ ಆ ಊರಿನವರು ನಿಜಕ್ಕೂ ಅದೃಷ್ಟ ಮಾಡಿದಾರೆ. ರಜೆ ಹಾಕ್ಬೇಕಿಲ್ಲ, ಬುಕಿಂಗ್ ಬೇಕಿಲ್ಲ, ಬೆಳಿಗ್ಗೆ ಹೋಗಿ ಎರಡು ಗಂಟೆ ನಡೆದು ಮನೆಗೆ ಬಂದು ಮಾಮೂಲಿ ಕೆಲಸ ಶುರು ಮಾಡ್ಬಹುದು. 2019ರಲ್ಲಿ ಎಕ್ಸೆಟರ್ ಯೂನಿವರ್ಸಿಟಿಯ ಸಂಶೋಧಕರು ಇಂಗ್ಲೆಂಡಿನ ಸುಮಾರು 20 ಸಾವಿರ ಜನರ ಮಾಹಿತಿ ಇಟ್ಕೊಂಡು ಒಂದು ಅಧ್ಯಯನ ಪ್ರಕಟ ಮಾಡಿದ್ರು, ವಾರಕ್ಕೆ 120 ನಿಮಿಷಕ್ಕೆ ಕಮ್ಮಿ ಇಲ್ದಂಗೆ ಹಸಿರಿರೋ ಜಾಗದಲ್ಲಿ ಕಳೆಯೋರು ತಮ್ಮ ಆರೋಗ್ಯ ಚೆನ್ನಾಗಿದೆ, ಜೀವನ ನೆಮ್ಮದಿಯಾಗಿದೆ ಅಂತ ಹೇಳೋದು ಹೆಚ್ಚು ಅಂತ ಅದ್ರಲ್ಲಿ ಕಂಡುಬಂತು, ಆ 120 ನಿಮಿಷನ ಒಂದೇ ಸಲ ಕಳೆದ್ರೂ ಅಷ್ಟೇ, ನಾಲ್ಕೈದು ಸಲ ಹಂಚ್ಕೊಂಡು ಕಳೆದ್ರೂ ಅಷ್ಟೇ. ಮತ್ತೆ ಮತ್ತೆ ಹೋಗೋಕಾಗೋದು ಹತ್ತಿರದ ಜಾಗಕ್ಕೆ ತಾನೇ.

ಆದ್ರೆ ಹತ್ರ ಇರೋದ್ರಿಂದಲೇ ಜನ ಇಂಥ ಜಾಗನ ಹಗುರವಾಗಿ ತಗೋತಾರೆ. ದೂರದ ಬೆಟ್ಟಕ್ಕೆ ಹೋಗೋರು ವಾರದ ಮುಂಚೆನೇ ಶೂ, ನೀರು, ಮಳೆ ಎಲ್ಲಾ ನೋಡ್ಕೋತಾರೆ, ಇಲ್ಲಿಗೆ ಮಾತ್ರ ಚಪ್ಪಲಿ ಹಾಕ್ಕೊಂಡು ಕೈಬೀಸ್ಕೊಂಡು ಸಂಜೆ ಹೊತ್ತಲ್ಲಿ ಬಂದ್ಬಿಡ್ತಾರೆ. ಕಾಲು ಉಳುಕೋದು, ಕತ್ಲಲ್ಲಿ ದಾರಿ ತಪ್ಪೋದು ಎಲ್ಲಾ ಶುರುವಾಗೋದು ಹೀಗೇನೇ. ಜಾಗಕ್ಕೂ ಅಷ್ಟೇ ಪೆಟ್ಟು, ಯಾಕಂದ್ರೆ ವರ್ಷಕ್ಕೊಂದ್ಸಲ ನಾಲ್ಕು ಜನ ಬರೋ ಕಾಡಿಗೂ ದಿನಾ ನೂರಾರು ಜನ ತುಳಿಯೋ ಕಾಡಿಗೂ ವ್ಯತ್ಯಾಸ ಇದೆ. ಹಾಗಾಗಿ ಮೊದಲ ಸಲ ಹೋಗ್ತಿರೋರಿಗೆ ಅಂತ ಇದನ್ನ ಸ್ವಲ್ಪ ವಿವರವಾಗೇ ಬರೀತಿದೀನಿ.

ಮನೇಲಿದ್ದಾಗಲೇ ಮಾಡ್ಬೇಕಾದ್ದು

ಮೊದ್ಲು ದಾರಿ ಎಷ್ಟು ಉದ್ದ, ಎಷ್ಟು ಏರು ಅಂತ ತಿಳ್ಕೊಳಿ. ಬರೀ ಕಿಲೋಮೀಟರ್ ನೋಡಿದ್ರೆ ಸಾಲದು. 1892ರಲ್ಲಿ ವಿಲಿಯಂ ನೈಸ್ಮಿತ್ ಅನ್ನೋ ಸ್ಕಾಟ್ಲೆಂಡಿನ ಪರ್ವತಾರೋಹಿ ಒಂದು ಸುಲಭದ ಲೆಕ್ಕ ಕೊಟ್ಟಿದ್ರು, ಇವತ್ತಿಗೂ ಅದನ್ನೇ ಬಳಸ್ತಾರೆ: ಸುಮಾರು 5 ಕಿಲೋಮೀಟರಿಗೆ ಒಂದು ಗಂಟೆ, ಅದ್ರ ಮೇಲೆ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಅಂದ್ರೆ 5 ಕಿಲೋಮೀಟರ್ ದಾರೀಲಿ 300 ಮೀಟರ್ ಏರು ಇದ್ರೆ ಒಂದೂವರೆ ಗಂಟೆ. ಆದ್ರೆ ಇದು ಎಲ್ಲೂ ನಿಲ್ಲದೆ ಒಂದೇ ಸಮ ನಡೆಯೋ ಗಟ್ಟಿ ಆಳಿನ ಲೆಕ್ಕ. ಮಕ್ಕಳಿದ್ರೆ, ವಯಸ್ಸಾದವರಿದ್ರೆ, ಫೋಟೋ ತೆಗೀತಾ ಹಕ್ಕಿ ನೋಡ್ತಾ ಹೋಗೋರಾದ್ರೆ ಬಂದ ಉತ್ತರನ ಡಬಲ್ ಮಾಡ್ಕೊಳಿ, ಆಗ ಸರಿಹೋಗತ್ತೆ.

ಆಮೇಲೆ ಸೂರ್ಯ ಮುಳುಗೋ ಟೈಮ್ ನೋಡಿ, ಅದಕ್ಕಿಂತ ಒಂದು ಗಂಟೆ ಮುಂಚೆ ಹೊರಗಿರೋ ಹಾಗೆ ಲೆಕ್ಕ ಹಾಕಿ. ದಟ್ಟ ಮರಗಳ ಕೆಳಗೆ ಕತ್ತಲು ಬೇಗ ಆಗತ್ತೆ, ಬಯಲಲ್ಲಿ ಇನ್ನೂ ಪುಸ್ತಕ ಓದೋವಷ್ಟು ಬೆಳಕಿದ್ದಾಗ ಮರದಡಿ ಬೇರು ಯಾವ್ದು ನೆರಳು ಯಾವ್ದು ಗೊತ್ತಾಗಲ್ಲ. ಹೊರಡುವಾಗ್ಲೇ ಇಷ್ಟು ಹೊತ್ತಿಗೆ ಎಲ್ಲಿದ್ರೂ ವಾಪಸ್ ತಿರುಗ್ತೀವಿ ಅಂತ ಒಂದು ಟೈಮ್ ಫಿಕ್ಸ್ ಮಾಡಿ, ಗುಂಪಲ್ಲಿ ಎಲ್ರಿಗೂ ಹೇಳಿ. ಇನ್ನು ಐದೇ ನಿಮಿಷ ತುದಿ ಬಂದ್ಬಿಡತ್ತೆ ಅಂತ ಯಾರಾದ್ರೂ ಒಬ್ರು ಅಂದೇ ಅಂತಾರೆ, ಆಗ ಆ ಮೊದಲೇ ಹೇಳಿದ ಟೈಮ್ ಕೆಲಸಕ್ಕೆ ಬರತ್ತೆ.

ಮನೇಲಿ ಉಳಿಯೋ ಒಬ್ರಿಗೆ ಎಲ್ಲಿಗೆ ಹೋಗ್ತಿದೀರಿ, ಯಾವ ದಾರಿ, ಎಷ್ಟೊತ್ತಿಗೆ ಬರ್ತೀರಿ, ಬರ್ದಿದ್ರೆ ಎಷ್ಟೊತ್ತಿಗೆ ಹುಡುಕೋಕೆ ಶುರು ಮಾಡ್ಬೇಕು ಅಂತ ಒಂದು ಮೆಸೇಜ್ ಹಾಕಿ. ಎರಡು ಸಾಲಿನ ಕೆಲಸ. ಕಾಲು ಮುರಿದು ಸಿಗ್ನಲ್ ಇಲ್ಲದ ಕಡೆ ಕೂತಿರೋರಿಗೆ ಈ ಎರಡು ಸಾಲಿಗಿಂತ ದೊಡ್ಡ ಆಸರೆ ಬೇರೆ ಇಲ್ಲ.

ಮ್ಯಾಪ್ ವಿಷಯ. ಫೋನಿನ ಜಿಪಿಎಸ್‌ಗೆ ಇಂಟರ್ನೆಟ್ ಬೇಡ, ಅದು ಸ್ಯಾಟಲೈಟಿಂದ ನೇರವಾಗಿ ಸಿಗ್ನಲ್ ತಗೊಳತ್ತೆ, ಇಂಟರ್ನೆಟ್ ಬೇಕಾಗೋದು ಮ್ಯಾಪಿನ ಚಿತ್ರ ಇಳಿಸ್ಕೊಳೋಕೆ ಮಾತ್ರ. ಹಾಗಾಗಿ ಮನೆ ವೈಫೈನಲ್ಲೇ ಆ ಏರಿಯಾದ ಆಫ್‌ಲೈನ್ ಮ್ಯಾಪ್ ಡೌನ್‌ಲೋಡ್ ಮಾಡ್ಕೊಳಿ. ಸಣ್ಣ ಕಾಲುದಾರಿಗಳಿಗೆ ಓಪನ್‌ಸ್ಟ್ರೀಟ್‌ಮ್ಯಾಪ್ ಆಧಾರದ ಆ್ಯಪ್‌ಗಳು, ಆರ್ಗ್ಯಾನಿಕ್ ಮ್ಯಾಪ್ಸ್, ಓಸ್ಮ್ಯಾಂಡ್ ಥರದವು ಚೆನ್ನಾಗಿ ಕೆಲಸ ಮಾಡ್ತವೆ, ಯಾಕಂದ್ರೆ ಅಲ್ಲಿ ನಡೆದಾಡಿದ ಜನರೇ ಆ ದಾರಿಗಳನ್ನ ಗುರುತು ಹಾಕಿರ್ತಾರೆ. ಸಿಗ್ನಲ್ ವೀಕ್ ಇರೋ ಕಡೆ ಫೋನ್ ಟವರ್ ಹುಡುಕ್ತಾ ಹುಡುಕ್ತಾ ಬ್ಯಾಟರಿ ತಿಂದ್ಹಾಕತ್ತೆ, ಏರೋಪ್ಲೇನ್ ಮೋಡ್‌ಗೆ ಹಾಕಿದ್ರೆ ಬ್ಯಾಟರಿನೂ ಉಳಿಯತ್ತೆ, ಹೆಚ್ಚಿನ ಫೋನ್‌ಗಳಲ್ಲಿ ಜಿಪಿಎಸ್ಸೂ ನಡೀತಿರತ್ತೆ.

ಕಾಲಿಗೆ ಏನು

ಎರಡು ಮೂರು ಗಂಟೆ ದಾರಿಗೆ ದುಬಾರಿ ಟ್ರೆಕಿಂಗ್ ಶೂ ಬೇಕು ಅಂತ ಏನಿಲ್ಲ. ಅಡಿಭಾಗ ಸವೆಯದೆ ಗೀರು ಚೆನ್ನಾಗಿ ಉಳಿದಿರೋ, ಬೆರಳು ಮುಚ್ಚೋ, ಈಗಾಗ್ಲೇ ಕಾಲಿಗೆ ಒಗ್ಗಿರೋ ಯಾವ ಶೂ ಆದ್ರೂ ಆಗತ್ತೆ. ಹೊಸ ಶೂ ಹಾಕ್ಕೊಂಡು ನೇರವಾಗಿ ಕಾಡಿಗೆ ಮಾತ್ರ ಹೋಗ್ಬೇಡಿ. ಶೂಗಿಂತ ಜನ ಕಡೆಗಣಿಸೋದು ಸಾಕ್ಸ್, ಕಾಟನ್ ಸಾಕ್ಸ್ ಬೆವರು ಹೀರ್ಕೊಂಡು ಒದ್ದೆಯಾಗೇ ಇರತ್ತೆ, ಒದ್ದೆ ಚರ್ಮ ಉಜ್ಜಿ ಉಜ್ಜಿ ಬೊಬ್ಬೆ ಬರತ್ತೆ. ಉಣ್ಣೆಯದ್ದೋ ಸಿಂಥೆಟಿಕ್ಕೋ ಇದ್ರೆ ಒಳ್ಳೇದು, ಮತ್ತೆ ಹಿಂದಿನ ದಿನ ಕಾಲುಗುರು ಕತ್ತರಿಸ್ಕೊಳಿ, ಇಳಿಜಾರಲ್ಲಿ ಬೆರಳು ಮುಂದಕ್ಕೆ ಒತ್ತಿದಾಗ ಉದ್ದ ಉಗುರಿದ್ರೆ ಎಷ್ಟು ನೋವು ಅಂತ ಇಳಿದವರಿಗೇ ಗೊತ್ತು.

ನಡೀತಿರುವಾಗ ಹಿಮ್ಮಡೀಲಿ ಸಣ್ಣಗೆ ಉರಿ ಶುರುವಾಯ್ತು ಅಂದ್ರೆ ಅಲ್ಲೇ ನಿಲ್ಲಿ. ಆಮೇಲೆ ನೋಡೋಣ ಅಂದ್ರೆ ಬೊಬ್ಬೆ ಎದ್ದಾಗಿರತ್ತೆ. ಶೂ ಬಿಚ್ಚಿ, ಚರ್ಮ ಒರೆಸಿ ಒಣಗಿಸಿ, ಕೆಂಪಾದ ಜಾಗಕ್ಕೆ ಮೆಡಿಕಲ್ ಟೇಪ್ ಸುಕ್ಕಿಲ್ದಂಗೆ ಅಂಟಿಸಿ, ಸಾಕ್ಸಲ್ಲಿ ಮರಳಿನ ಕಾಳೋ ಹುಲ್ಲಿನ ಬೀಜವೋ ಇದೆಯಾ ನೋಡಿ. ಮೂರು ನಿಮಿಷ ಹಿಡಿಯತ್ತೆ ಅಷ್ಟೇ, ಉಳಿದ ದಾರಿ ಪೂರ್ತಿ ಆರಾಮು.

ಬ್ಯಾಗಲ್ಲಿ

ನೀರು, ಗಂಟೆಗೆ ಅರ್ಧ ಲೀಟರ್ ಲೆಕ್ಕ, ಬಿಸಿಲು ಜೋರಿದ್ರೆ ಇನ್ನೂ ಜಾಸ್ತಿ. ಸ್ವಲ್ಪ ತಿನ್ನೋಕೆ. ತೆಳ್ಳನೆಯ ಮಳೆ ಜಾಕೆಟ್. ಟಾರ್ಚ್, ಹಗಲಲ್ಲೇ ವಾಪಸ್ ಬರ್ತೀವಿ ಅಂತಿದ್ರೂ ಬೇಕು, ಫೋನ್ ಟಾರ್ಚ್ ನೆಚ್ಕೋಬೇಡಿ ಯಾಕಂದ್ರೆ ಆ ಹೊತ್ತಿಗೆ ಫೋನಿನ ಚಾರ್ಜ್ ಬೇರೆಯದಕ್ಕೇ ಬೇಕಾಗಿರತ್ತೆ. ಟೇಪು, ಬ್ಯಾಂಡೇಜು, ಒಂದು ಚಿಮಟ, ನೀವು ದಿನಾ ತಗೊಳೋ ಮಾತ್ರೆ. ಒಂದು ಸೀಟಿ, ಕೂಗಿ ಕೂಗಿ ಗಂಟಲು ಹತ್ತು ನಿಮಿಷದಲ್ಲಿ ಕಟ್ಟತ್ತೆ, ಸೀಟಿ ಎಷ್ಟೊತ್ತಾದ್ರೂ ಊದಬಹುದು ಮತ್ತೆ ದನಿಗಿಂತ ದೂರ ಕೇಳತ್ತೆ. ಒಂದು ಖಾಲಿ ಕವರ್, ಕಸಕ್ಕೆ. ಬ್ಲೂಟೂತ್ ಸ್ಪೀಕರ್ ಮನೇಲೇ ಇರ್ಲಿ ದಯವಿಟ್ಟು.

ದಾರಿ ಶುರುವಾಗೋ ಕಡೆ

ಬೋರ್ಡ್ ಇದ್ರೆ ನಿಂತು ಪೂರ್ತಿ ಓದಿ. ಮುಚ್ಚೋ ಟೈಮ್, ನಾಯಿ ಕರ್ಕೊಂಡು ಹೋಗಬಹುದಾ, ಸೈಕಲ್ ಬಿಡ್ತಾರಾ, ಯಾವ ಭಾಗ ಸದ್ಯಕ್ಕೆ ಮುಚ್ಚಿದಾರೆ ಎಲ್ಲಾ ಅಲ್ಲೇ ಇರತ್ತೆ. ಮ್ಯಾಪ್ ಇದ್ರೆ ಒಂದು ಫೋಟೋ ಹೊಡ್ಕೊಳಿ. ದಾರಿ ಗುರುತು ಯಾವ ಥರ ಅಂತ ಗಮನಿಸಿ, ಮರದ ಮೇಲೆ ಬಣ್ಣದ ಪಟ್ಟಿಯೋ, ಕಲ್ಲಿನ ಮೇಲೆ ಬಾಣವೋ, ನಂಬರ್ ಹಾಕಿದ ಕಂಬವೋ. ಒಳಗೆ ಹೋದ್ಮೇಲೆ ಹತ್ತು ನಿಮಿಷ ಆದ್ರೂ ಒಂದೂ ಗುರುತು ಕಾಣಲಿಲ್ಲ ಅಂದ್ರೆ ಮುಂದೆ ಹೋಗ್ಬೇಡಿ, ಕೊನೇ ಗುರುತು ಕಂಡ ಕಡೆಗೆ ವಾಪಸ್ ಬನ್ನಿ. ಕವಲು ಬಂದಾಗ್ಲೆಲ್ಲ ಒಮ್ಮೆ ಹಿಂದೆ ತಿರುಗಿ ನೋಡೋ ಅಭ್ಯಾಸ ಇಟ್ಕೊಳಿ, ವಾಪಸ್ ಬರುವಾಗ ನಿಮಗೆ ಕಾಣೋದು ಆ ಕಡೆಯ ನೋಟನೇ, ಹೋಗುವಾಗ ಕಂಡಿದ್ದಕ್ಕೂ ಅದಕ್ಕೂ ಸಂಬಂಧನೇ ಇರಲ್ಲ ಎಷ್ಟೋ ಸಲ.

ನಡೆಯುವಾಗ: ದಾರಿ ಮಧ್ಯದಲ್ಲೇ ಇರಿ

ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಈ ಲೇಖನದಲ್ಲಿ ನಿಮ್ಮ ನೆನಪಲ್ಲಿ ಒಂದೇ ಉಳಿಯೋದಾದ್ರೆ ಇದೇ ಉಳೀಲಿ ಅಂತ ನನ್ನ ಆಸೆ.

ಮಳೆ ಬಂದ ಮಾರನೇ ದಿನ ದಾರಿ ಮಧ್ಯೆ ಒಂದು ಕೆಸರಿನ ಗುಂಡಿ ಇರತ್ತೆ ಅಂದ್ಕೊಳಿ. ಮೊದ್ಲು ಬಂದವರು ಶೂ ಗಲೀಜಾಗತ್ತೆ ಅಂತ ಪಕ್ಕದ ಹುಲ್ಲಿನ ಮೇಲೆ ಕಾಲಿಟ್ಟು ದಾಟ್ತಾರೆ. ಅವರ ಹಿಂದೆ ಬಂದವರೂ ಅಲ್ಲೇ. ಮಧ್ಯಾಹ್ನದ ಹೊತ್ತಿಗೆ ಆ ಹುಲ್ಲು ಮಲಗಿರತ್ತೆ, ಅದರ ಬುಡದ ಮಣ್ಣು ಮೇಲೆ ಬಂದಿರತ್ತೆ, ಮುಂದಿನ ಮಳೆಗೆ ಅಲ್ಲೂ ನೀರು ನಿಲ್ಲತ್ತೆ, ಈಗ ಜನ ಅದಕ್ಕೂ ಆಚೆ ಕಾಲಿಡ್ತಾರೆ. ಎರಡು ಮಳೆಗಾಲ ಕಳೆಯೋದ್ರೊಳಗೆ ಒಬ್ಬರು ನಡೆಯೋವಷ್ಟಿದ್ದ ದಾರಿ ಗಾಡಿ ಹೋಗೋವಷ್ಟು ಅಗಲ ಆಗಿರತ್ತೆ, ಅಂಚಲ್ಲಿದ್ದ ಮರದ ಬೇರುಗಳೆಲ್ಲ ಮಣ್ಣು ಕಳ್ಕೊಂಡು ಬೆತ್ತಲೆ ಕಾಣ್ತಿರ್ತವೆ. ಯಾರೂ ಕೆಟ್ಟದ್ದು ಮಾಡ್ಬೇಕು ಅಂತ ಮಾಡಿದ್ದಲ್ಲ, ಪ್ರತಿಯೊಬ್ಬರೂ ಒಂದೊಂದು ಹೆಜ್ಜೆ ಪಕ್ಕಕ್ಕೆ ಇಟ್ಟಿದ್ದು ಅಷ್ಟೇ.

ಇದ್ರ ಬಗ್ಗೆ ದಶಕಗಳ ಕಾಲ ಕೆಲಸ ಮಾಡಿದ ಅಮೆರಿಕದ ವಿಜ್ಞಾನಿ ಡೇವಿಡ್ ಕೋಲ್ ಮತ್ತು ಇತರರ ಅಧ್ಯಯನಗಳಲ್ಲಿ ಮುಖ್ಯವಾಗಿ ಕಂಡಿದ್ದು ಏನಂದ್ರೆ, ತುಳಿಯದ ಜಾಗಕ್ಕೆ ಆಗೋ ಹಾನಿಯ ಬಹುಪಾಲು ಮೊದಲ ಕೆಲವು ಸಲ ತುಳಿದಾಗಲೇ ಆಗಿಬಿಡತ್ತೆ. ಈಗಾಗಲೇ ಗಟ್ಟಿಯಾಗಿರೋ ದಾರಿ ಮೇಲೆ ಇನ್ನೂ ನೂರು ಜನ ನಡೆದ್ರೆ ಹೆಚ್ಚೇನೂ ಆಗಲ್ಲ, ಆದ್ರೆ ಆ ನೂರರಲ್ಲಿ ಸ್ವಲ್ಪವೇ ಜನ ಪಕ್ಕದ ಹಸಿರಿಗೆ ಇಳಿದ್ರೆ ಸಾಕು ಅಲ್ಲಿ ಹೊಸ ಜಾಡು ಬೀಳೋಕೆ ಶುರುವಾಗತ್ತೆ. ತುಳಿದು ತುಳಿದು ಗಟ್ಟಿಯಾದ ಮಣ್ಣೊಳಗೆ ಗಾಳಿಗೂ ನೀರಿಗೂ ಜಾಗ ಇರಲ್ಲ, ಬೀಜ ಬಿದ್ರೂ ಬೇರು ಇಳಿಯಲ್ಲ, ಮಳೆ ನೀರು ಇಂಗದೆ ಮೇಲೆ ಹರಿದು ಮಣ್ಣನ್ನೇ ಕೊಚ್ಚಿಕೊಂಡು ಹೋಗತ್ತೆ.

ಆದ್ದರಿಂದ ಕೆಸರಿದ್ರೆ ಕೆಸರಲ್ಲೇ ನಡೀರಿ. ಶೂ ತೊಳೆದ್ರೆ ಹೋಗತ್ತೆ. ಗುಂಪಲ್ಲಿದ್ರೆ ಪಕ್ಕಪಕ್ಕ ಅಲ್ಲ, ಒಬ್ಬರ ಹಿಂದೊಬ್ಬರು. ಗುಡ್ಡದಲ್ಲಿ ದಾರಿ ಅಂಕುಡೊಂಕಾಗಿ ಹತ್ತುತ್ತೆ ಅಲ್ವಾ, ಅದು ನೀರಿನ ವೇಗ ಕಡಿಮೆ ಮಾಡೋಕೆ ಮತ್ತೆ ನಿಮ್ಮ ಏದುಸಿರು ಕಡಿಮೆ ಮಾಡೋಕೆ ಹಾಗೆ ಮಾಡಿರೋದು, ಎರಡು ತಿರುವಿನ ಮಧ್ಯೆ ನೇರ ಇಳಿಯೋ ಶಾರ್ಟ್‌ಕಟ್ ಮುಂದಿನ ಮಳೆಗೆ ಕಾಲುವೆ ಆಗತ್ತೆ. ಶಾರ್ಟ್‌ಕಟ್ ಈಗಾಗ್ಲೇ ಬಿದ್ದಿದ್ರೂ ಬಳಸ್ಬೇಡಿ, ಅದಕ್ಕೆ ಅಡ್ಡ ಇಟ್ಟಿರೋ ಕೊಂಬೆ ಕಲ್ಲು ತೆಗೀಬೇಡಿ, ಅದು ಯಾರೋ ಆ ಜಾಗ ಮತ್ತೆ ಚಿಗುರ್ಲಿ ಅಂತ ಇಟ್ಟಿರೋದು.

ಏರಿನಲ್ಲಿ ಮಾತಾಡ್ತಾ ನಡೆಯೋಕೆ ಆಗೋವಷ್ಟೇ ವೇಗ ಇರ್ಲಿ, ಪೂರ್ತಿ ವಾಕ್ಯ ಹೇಳೋಕಾಗದೆ ಉಸಿರು ಕಟ್ಟಿದ್ರೆ ನಿಧಾನ ಮಾಡಿ. ಇಳಿಜಾರಲ್ಲಿ ಸಣ್ಣ ಸಣ್ಣ ಹೆಜ್ಜೆ, ಮಂಡಿ ಸ್ವಲ್ಪ ಬಗ್ಗಿರ್ಲಿ. ಮಾರನೇ ದಿನ ತೊಡೆ ಹಿಡ್ಕೊಳೋದು ಹತ್ತಿದ್ದಕ್ಕಿಂತ ಇಳಿದಿದ್ದಕ್ಕೇ ಜಾಸ್ತಿ, ಇಳಿಯುವಾಗ ಸ್ನಾಯು ಎಳೆಯಲ್ಪಡ್ತಾನೇ ಮೈಭಾರ ತಡೀಬೇಕು, ಅದಕ್ಕೆ. ತರಗೆಲೆ ಮುಚ್ಚಿದ ಕಲ್ಲು ಮತ್ತೆ ಒದ್ದೆ ಬೇರು ಇವೆರಡರ ಮೇಲೆ ಪೂರ್ತಿ ಭಾರ ಹಾಕ್ಬೇಡಿ.

ಅಲ್ಲಿರೋ ಜೀವಗಳ ಜೊತೆ

ಪ್ರಾಣಿ ಹಕ್ಕಿಗೆ ಏನೂ ತಿನ್ನಿಸ್ಬೇಡಿ. ತಿನ್ನಿಸಿದ ಪ್ರಾಣಿ ಮನುಷ್ಯರ ಕೈ ನೋಡೋದು ಕಲಿಯತ್ತೆ, ಕೊಡದಿದ್ರೆ ಕಿತ್ಕೊಳೋದೂ ಕಲಿಯತ್ತೆ, ಕೊನೆಗೆ ಅಪಾಯಕಾರಿ ಅಂತ ಅದನ್ನೇ ಹಿಡಿದು ಸಾಗಿಸ್ತಾರೆ. ಹಣ್ಣಿನ ಸಿಪ್ಪೆ ಕೊಳೆತು ಹೋಗತ್ತೆ ಬಿಡು ಅಂತ ಎಸೆಯೋದೂ ಬೇಡ, ಕಿತ್ತಳೆ ಸಿಪ್ಪೆ ತಿಂಗಳುಗಟ್ಟಲೆ ಹಾಗೇ ಬಿದ್ದಿರತ್ತೆ.

ಬಿದ್ದ ಮರದ ದಿಮ್ಮಿ ಕಂಡ್ರೆ ಸತ್ತ ಮರ ಅಂತ ಒದೀಬೇಡಿ. ಬಗ್ಗಿ ಹತ್ರದಿಂದ ನೋಡಿ, ಕುಟ್ಟೆ ಹುಳ ಕೊರೆದ ತೂತಿಂದ ಸಣ್ಣ ಪುಡಿ ಉದುರ್ತಿರತ್ತೆ, ಸೀಳಿನ ಒಳಗೆ ಬಿಳಿ ದಾರದ ಥರ ಅಣಬೆಯ ಎಳೆ ಹರಡಿರತ್ತೆ, ತೊಗಟೆ ಕೆಳಗಿನ ತೇವದಲ್ಲಿ ಶತಪದಿ, ಇರುವೆ, ಜೇಡ ಎಲ್ಲಾ ಬದುಕ್ತಿರ್ತವೆ, ಅವನ್ನ ತಿನ್ನೋಕೆ ಮರಕುಟಿಗ ಬರತ್ತೆ. ಟಿಟ್ಟಿಭದಂಥ ಹಕ್ಕಿಗಳು ಗೂಡೇ ಕಟ್ಟದೆ ಬರೀ ನೆಲದ ಮೇಲೆ ಕಲ್ಲಿನ ಬಣ್ಣದ ಮೊಟ್ಟೆ ಇಡ್ತವೆ, ಒಂದು ಅಡಿ ದೂರದಲ್ಲಿದ್ರೂ ಕಾಣಲ್ಲ, ನಾಯಿನ ಬೆಲ್ಟ್ ಹಾಕೇ ಕರ್ಕೊಂಡು ಹೋಗಿ ಅನ್ನೋದು ಇದಕ್ಕೇನೇ. ಹಕ್ಕಿ ನಿಮ್ಮ ತಲೆ ಮೇಲೆ ಸುತ್ತುತ್ತಾ ಒಂದೇ ಸಮ ಕೂಗ್ತಿದ್ರೆ ಗೂಡೋ ಮರಿಯೋ ಹತ್ರ ಇದೆ ಅಂತ ಅರ್ಥ, ಬಂದ ದಾರೀಲೇ ಹಿಂದಕ್ಕೆ ಸರೀರಿ.

ನಿಜವಾಗ್ಲೂ ಏನಾದ್ರೂ ಕಾಣ್ಬೇಕು ಅಂದ್ರೆ ಒಂದು ಕಡೆ ಕೂತ್ಕೊಳಿ. ಕಲ್ಲೋ ಬೆಂಚೋ ನೋಡಿ, ಕಾಲು ಗಂಟೆ ಮಾತಾಡದೆ, ಕೈಕಾಲು ಆಡಿಸದೆ ಕೂರಿ. ಮೊದಲ ಐದು ನಿಮಿಷ ಏನೂ ಇರಲ್ಲ, ನೀವು ಬಂದ ಸದ್ದಿಗೆ ಎಲ್ಲಾ ಅಡಗಿರತ್ತೆ. ಆಮೇಲೆ ಪೊದೆಯೊಳಗೆ ತರಗೆಲೆ ಸರಿಸೋ ಸದ್ದು, ಎಲ್ಲೋ ಒಂದು ಹಕ್ಕಿ ನಿಲ್ಲಿಸಿದ್ದ ಕೂಗನ್ನ ಮತ್ತೆ ಎತ್ಕೊಳತ್ತೆ, ಓತಿಕ್ಯಾತ ಅದೇ ಕಲ್ಲಿನ ಇನ್ನೊಂದು ತುದಿಗೆ ಬಂದು ಬಿಸಿಲು ಕಾಯಿಸತ್ತೆ. ಹೊತ್ತು ಹುಟ್ಟಿದ ಮೊದಲ ಎರಡು ಗಂಟೆ ಇದಕ್ಕೆ ಬೆಸ್ಟ್. ದುರ್ಬೀನು ಇದ್ರೆ 8x42 ಅಂತ ಬರೆದಿರೋದು ಕಾಡಿಗೆ ಸರಿಹೊಂದತ್ತೆ, 8 ಅಂದ್ರೆ ಎಂಟು ಪಟ್ಟು ಹತ್ರ ಕಾಣತ್ತೆ, 42 ಅಂದ್ರೆ ಮುಂದಿನ ಗಾಜಿನ ಅಗಲ ಮಿಲಿಮೀಟರಲ್ಲಿ, ಅದು ದೊಡ್ಡದಿದ್ದಷ್ಟೂ ಬೆಳಕು ಜಾಸ್ತಿ. ಕೂಗಿಂದ ಹಕ್ಕಿ ಗುರುತಿಸೋಕೆ ಅಮೆರಿಕದ ಕಾರ್ನೆಲ್ ಯೂನಿವರ್ಸಿಟಿಯ ಪಕ್ಷಿ ಪ್ರಯೋಗಾಲಯದ ಮರ್ಲಿನ್ ಆ್ಯಪ್ ಉಚಿತವಾಗಿ ಸಿಗತ್ತೆ, ನಿಮ್ಮ ಪ್ರದೇಶದ ಪ್ಯಾಕ್ ಮೊದ್ಲೇ ಇಳಿಸ್ಕೊಂಡ್ರೆ ಇಂಟರ್ನೆಟ್ ಇಲ್ದೆನೂ ನಡೆಯತ್ತೆ. ಆದ್ರೆ ರೆಕಾರ್ಡ್ ಆದ ಕೂಗು ಪ್ಲೇ ಮಾಡಿ ಹಕ್ಕಿ ಕರೀಬೇಡಿ, ಇನ್ನೊಂದು ಗಂಡು ತನ್ನ ಜಾಗಕ್ಕೆ ನುಗ್ಗಿದೆ ಅಂತ ಅದು ಗೂಡು ಮರಿ ಬಿಟ್ಟು ಜಗಳಕ್ಕೆ ಬರತ್ತೆ.

ಏನಾದ್ರೂ ಆದ್ರೆ

ದಾರಿ ತಪ್ಪಿದ್ರೆ: ಮೊದ್ಲು ನಿಂತ್ಕೊಳಿ. ಗಾಬರೀಲಿ ಜೋರಾಗಿ ನಡೆದಷ್ಟೂ ತಪ್ಪಿದ ದಿಕ್ಕಲ್ಲಿ ದೂರ ಹೋಗ್ತೀರಿ. ನೀರು ಕುಡೀರಿ, ಮ್ಯಾಪ್ ತೆಗೀರಿ, ಗೊತ್ತಿರೋ ಕೊನೇ ಜಾಗ ನೆನಪಿದ್ರೆ ಮಾತ್ರ ಬಂದ ಜಾಡಲ್ಲೇ ಹಿಂದಕ್ಕೆ. ಗೊತ್ತಾಗ್ತಿಲ್ಲ ಅಂದ್ರೆ ಅಲ್ಲೇ ಇದ್ದು ಸೀಟಿ ಊದಿ, ಮೂರು ಸಲ ಊದಿ ಬಿಡುವು, ಮತ್ತೆ ಮೂರು. 112 ಬಹಳ ದೇಶಗಳಲ್ಲಿ ನಡೆಯೋ ತುರ್ತು ನಂಬರ್, ನಿಮ್ಮ ಸಿಮ್‌ಗೆ ಸಿಗ್ನಲ್ ಇಲ್ದಿದ್ರೂ ಅಲ್ಲಿ ಬೇರೆ ಕಂಪನಿಯ ನೆಟ್‌ವರ್ಕ್ ಸಿಕ್ರೆ ಅದ್ರ ಮೂಲಕ ಕಾಲ್ ಹೋಗೋ ಸಾಧ್ಯತೆ ಇದೆ, ಟ್ರೈ ಮಾಡದೆ ಬಿಡ್ಬೇಡಿ. ಕಾಲ್ ಸಿಕ್ಕಿದ್ರೆ ಮ್ಯಾಪಲ್ಲಿ ಕಾಣೋ ಅಕ್ಷಾಂಶ ರೇಖಾಂಶದ ಅಂಕಿ ಇಲ್ಲಾ ಹತ್ತಿರದ ಕಂಬದ ನಂಬರ್ ಹೇಳಿ.

ಹಾವು ಕಚ್ಚಿದ್ರೆ: ಗಾಯ ಕೊಯ್ಯೋದು, ಬಾಯಲ್ಲಿ ಹೀರೋದು, ಬಿಗಿಯಾಗಿ ಹಗ್ಗ ಕಟ್ಟೋದು, ಐಸ್ ಇಡೋದು ಯಾವುದನ್ನೂ ಮಾಡ್ಬೇಡಿ. ವಿಶ್ವ ಆರೋಗ್ಯ ಸಂಸ್ಥೆನೂ ಇವನ್ನ ಬೇಡ ಅಂತಲೇ ಹೇಳತ್ತೆ. ಉಂಗುರ, ವಾಚು, ಶೂ ಬಿಚ್ಚಿ, ಊತ ಬಂದ್ರೆ ತೆಗೆಯೋಕಾಗಲ್ಲ. ಕಚ್ಚಿದ ಕೈನೋ ಕಾಲನ್ನೋ ಅಲ್ಲಾಡದ ಹಾಗೆ ಕೋಲಿಗೆ ಆನಿಸಿ ಬಟ್ಟೆ ಸುತ್ತಿ, ಆದಷ್ಟೂ ನಡೆಸದೆ ಎತ್ಕೊಂಡು, ಆದಷ್ಟು ಬೇಗ ಆಸ್ಪತ್ರೆಗೆ. ವಿಷಕ್ಕೆ ಔಷಧಿ ಅಲ್ಲೇ ಇರೋದು. ಹಾವನ್ನ ಹುಡ್ಕೊಂಡು ಹೋಗೋದ್ರಲ್ಲಿ ಟೈಮ್ ಕಳೀಬೇಡಿ, ಇನ್ನೊಬ್ರಿಗೂ ಕಚ್ಚತ್ತೆ.

ಜೇನು ಎದ್ರೆ: ಕೈ ಬೀಸದೆ ಓಡಿ. ಕುಟುಕಿದ ಜೇನು ಬಿಡೋ ವಾಸನೆ ಉಳಿದವನ್ನ ಅದೇ ಜಾಗಕ್ಕೆ ಕರೆಯತ್ತೆ, ಅಲ್ಲೇ ನಿಂತು ಹೊಡೆದಾಡಿದ್ರೆ ಇನ್ನಷ್ಟು ಬರ್ತವೆ. ಬಟ್ಟೆ ಎಳ್ಕೊಂಡು ಮುಖ ಮುಚ್ಚಿ, ದಾರಿ ಕಾಣೋವಷ್ಟು ಮಾತ್ರ ಬಿಟ್ಟು, ಗಾಡಿಯೋ ಕಟ್ಟಡವೋ ಸಿಗೋವರೆಗೆ ಓಡಿ. ನೀರಿಗೆ ಹಾರ್ಬೇಡಿ, ತಲೆ ಎತ್ತೋವರೆಗೂ ಕಾಯ್ತಿರ್ತವೆ. ಮುಳ್ಳನ್ನ ಉಗುರಿಂದಾದ್ರೂ ಸರಿ ತಕ್ಷಣ ತೆಗೀರಿ. ಉಸಿರಾಡೋಕೆ ಕಷ್ಟ ಆದ್ರೆ, ತುಟಿ ನಾಲಿಗೆ ಊದಿಕೊಂಡ್ರೆ ಒಂದು ಕ್ಷಣನೂ ಕಾಯದೆ ಆಸ್ಪತ್ರೆ.

ಗುಡುಗು: ಮಿಂಚು ಕಂಡು ಗುಡುಗು ಕೇಳೋಕೆ 30 ಸೆಕೆಂಡಿಗಿಂತ ಕಡಿಮೆ ಆದ್ರೆ ಅದು 10 ಕಿಲೋಮೀಟರ್ ಒಳಗಿದೆ, ಗುಡ್ಡದ ತುದಿ, ಬಯಲು, ಒಂಟಿ ಮರ, ನೀರಿನ ದಡ ಎಲ್ಲಾ ಬಿಟ್ಟು ಕಟ್ಟಡಕ್ಕೋ ಕಾರೊಳಗೋ ಹೋಗಿ, ಕೊನೇ ಗುಡುಗು ಕೇಳಿ 30 ನಿಮಿಷ ಆಗೋವರೆಗೆ ಹೊರಗೆ ಬರ್ಬೇಡಿ.

ಮಲ ವಿಸರ್ಜನೆಗೆ ಅರ್ಜೆಂಟ್ ಆದ್ರೆ, ಶೌಚಾಲಯ ಇಲ್ದಿದ್ರೆ, ನೀರಿಂದಲೂ ದಾರಿಯಿಂದಲೂ 60 ಮೀಟರ್ ಆಚೆ, 15ರಿಂದ 20 ಸೆಂಟಿಮೀಟರ್ ಗುಂಡಿ ತೋಡಿ, ಮುಚ್ಚಿ. ಟಿಶ್ಯೂ, ಪ್ಯಾಡ್ ಎಲ್ಲಾ ಕವರಲ್ಲಿ ವಾಪಸ್.

ವಾಪಸ್ ಬಂದ್ಮೇಲೆ

ಮನೆಗೆ ಬಂದ ತಕ್ಷಣ, ಮೆಸೇಜ್ ಹಾಕಿದ್ದವರಿಗೆ ಬಂದ್ವಿ ಅಂತ ಹೇಳಿ. ಸ್ನಾನ ಮಾಡುವಾಗ ಮಂಡಿ ಹಿಂಭಾಗ, ಕಂಕುಳು, ಸೊಂಟದ ಪಟ್ಟಿ ಇರೋ ಜಾಗ, ಕಿವಿ ಹಿಂದೆ, ತಲೆಗೂದಲೊಳಗೆ ಉಣುಗು ಕಚ್ಕೊಂಡಿದೆಯಾ ನೋಡ್ಕೊಳಿ, ಮಕ್ಕಳಿಗೆ ನೀವೇ ನೋಡಿ. ಇದ್ರೆ ಚಿಮಟದಿಂದ ಚರ್ಮಕ್ಕೆ ಆದಷ್ಟು ಹತ್ರ ಹಿಡಿದು ನೇರ ಮೇಲಕ್ಕೆ, ತಿರುಚದೆ, ನಿಧಾನವಾಗಿ ಎಳೀರಿ. ಎಣ್ಣೆ ಹಚ್ಚೋದು, ಬೆಂಕಿ ತಾಗಿಸೋದು ಬೇಡ. ಮುಂದಿನ ಕೆಲವು ವಾರದಲ್ಲಿ ಜ್ವರವೋ ಮೈಮೇಲೆ ಕೆಂಪು ಗಂದೆಯೋ ಬಂದ್ರೆ ಡಾಕ್ಟರಿಗೆ ಉಣುಗು ಕಚ್ಚಿತ್ತು ಅಂತ ಹೇಳೋದು ಮರೀಬೇಡಿ.

ಶೂ ಅಡಿಯ ಮಣ್ಣನ್ನ ಚೆನ್ನಾಗಿ ಉಜ್ಜಿ ತೊಳೆದು ನೆರಳಲ್ಲಿ ಒಣಗಿಸಿ, ಒಂದು ಕಡೆಯ ಕಳೆ ಬೀಜ, ಗಿಡದ ರೋಗ ಇನ್ನೊಂದು ಕಡೆಗೆ ಹೋಗೋದು ಆ ಮಣ್ಣಿನ ಜೊತೆಗೇ. ದಾರೀಲಿ ಮುರಿದ ಸೇತುವೆ, ಅಡ್ಡ ಬಿದ್ದ ಮರ, ಅಳಿಸಿಹೋದ ಗುರುತು ಕಂಡಿದ್ರೆ ಫೋಟೋ ಮತ್ತೆ ಜಾಗದ ವಿವರದ ಜೊತೆ ಆ ಜಾಗ ನೋಡ್ಕೊಳೋರಿಗೆ ಕಳ್ಸಿ, ದಿನಾ ಪೂರ್ತಿ ದಾರಿ ಸುತ್ತೋಕೆ ಅವರತ್ರ ಅಷ್ಟು ಜನ ಇರಲ್ಲ. ಜನ ತಾವು ಕಂಡಿದ್ದನ್ನ ದಾಖಲಿಸೋ ವೆಬ್‌ಸೈಟ್‌ಗಳಿವೆ, ನೋಡಿದ ಹಕ್ಕಿಗಳನ್ನ ಇ-ಬರ್ಡ್‌ಗೆ, ಚಿಟ್ಟೆ ಗಿಡಗಳನ್ನ ಐ-ನ್ಯಾಚುರಲಿಸ್ಟ್‌ಗೆ ಹಾಕಿದ್ರೆ ಸಂಶೋಧಕರ ಕೈಗೂ ಸಿಗತ್ತೆ, ಹೆಸರು ಗೊತ್ತಿಲ್ದಿದ್ರೂ ಐ-ನ್ಯಾಚುರಲಿಸ್ಟ್‌ಗೆ ಫೋಟೋ ಹಾಕಿ, ಗೊತ್ತಿರೋರು ಹೇಳ್ತಾರೆ.

ಮತ್ತೆ ಹೋಗುವಾಗ ಹೊಸ ಜಾಗ ಹುಡುಕೋ ಬದ್ಲು ಇದೇ ದಾರೀಗೆ ಬೇರೆ ತಿಂಗಳಲ್ಲಿ, ಬೇರೆ ಹೊತ್ತಲ್ಲಿ, ಸಾಧ್ಯ ಆದ್ರೆ ಉಲ್ಟಾ ದಿಕ್ಕಿಂದ ಹೋಗಿ. ಹೂವಿದ್ದ ಕಡೆ ಕಾಯಿರತ್ತೆ, ಒಣಗಿದ್ದ ಹಳ್ಳದಲ್ಲಿ ನೀರಿರತ್ತೆ, ಹೋದ ಸಲ ಬೆನ್ನ ಹಿಂದೆ ಉಳಿದಿದ್ದೆಲ್ಲ ಈ ಸಲ ಎದುರಿಗೆ ಸಿಗತ್ತೆ.